ಕಟ್ಟಿಕೊಂಡ ಬೇಸಿನ್ನು ಯಾರ ಪಾಲಿನ ಕೆಲಸ?

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ವಿದ್ಯೆಯ ಮಹಿಮೆಯನ್ನೋ ಸ್ತ್ರೀಶಿಕ್ಷಣದ ಅಗತ್ಯವನ್ನೋ ಕುರಿತದ್ದಾಗಿರುವದೆಂದು ವಾಚಕರು ಎಣಿಸುವದು ಸಹಜವೇ. ಆದರೆ ಈ ಸಾರಿ ನಾನು ಎತ್ತಿಕೊಂಡಿರುವ ವಿಷಯವು ನಮ್ಮ ವಸತಿಗೃಹದ ಬಚ್ಚಲಲ್ಲಿ ಪದೇ ಪದೇ ಕಟ್ಟಿಕೊಳ್ಳುವ ಬೇಸಿನ್ನು. ಇದು ಕ್ಷುಲ್ಲಕವೆಂದು ತೋರುವವರಿಗೆ ನನ್ನದೊಂದೇ ವಿಜ್ಞಾಪನೆ: ಕಡೆಯ ವರೆಗೆ ಓದಿ ಆಮೇಲೆ ತೀರ್ಮಾನಿಸಬೇಕು.

ಹೋದ ಮಳೆಗಾಲದಲ್ಲಿ ಒಂದು ದಿನ ಮುಂಜಾನೆ ಪ್ರಾರ್ಥನೆಯ ಘಂಟೆ ಬಾರಿಸಿದರೂ ಹುಡುಗಿಯರ ಸುಳಿವಿರಲಿಲ್ಲ. ಹೋಗಿ ನೋಡಲಾಗಿ, ಬೇಸಿನ್ನಿನಲ್ಲಿ ಕದಡಿದ ನೀರು ಅಂಚಿನ ವರೆಗೆ ನಿಂತಿತ್ತು. ಸುತ್ತಲೂ ಹುಡುಗಿಯರು ಸುಮ್ಮನೆ ನಿಂತಿದ್ದರು. ಕಾರಣವೇನೆಂದು ಕೇಳಲು ಒಬ್ಬಳು, "ಅಕ್ಕೋರೆ, ಕಸಾ ಹೊಡಿಯೋ ಅಮ್ಮ ಇನ್ನೂ ಬಂದಿಲ್ರಿ, ಅದಕ್ಕ ನಿಂತೇವ್ರಿ," ಎಂದಳು. ಅರ್ಧ ತಾಸಿನ ಮೇಲೆ ಆ ವೃದ್ಧೆಯು ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರಿನಲ್ಲಿ ಬರಿಗೈಯಿಟ್ಟು ಬೂಚನ್ನು ಕಿತ್ತಳು. ಅದರ ಹಿಂದೆಯೇ ಗೇಣುದ್ದದ ಕೂದಲಿನ ಹಗ್ಗವೊಂದು ಜಿಡ್ಡು ಸುರಿಸುತ್ತಾ ಮೇಲೆ ಬಂದಿತು. ಹುಡುಗಿಯರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆಕೆಯು ಯಾರನ್ನೂ ಬೈಯದೆ, "ಎಲ್ಲಾ ನಿಮ್ದ ಕೂದಲವ್ವಾ, ಯಾಕ ಅಂಜತೀರಿ?" ಎಂದು ನಕ್ಕಳು. ನಾನು ಹುಡುಗಿಯರಿಗೆ ಬುದ್ಧಿ ಹೇಳಬೇಕೆಂದು ಬಾಯಿ ತೆರೆದವಳು ಹಾಗೆಯೇ ನಿಂತೆನು. ಯಾಕಂದರೆ ಆ ಕರಿಯ ಹಗ್ಗದಲ್ಲಿ ಹಲವು ನರೆಗೂದಲುಗಳೂ ಹೆಣೆದುಕೊಂಡಿದ್ದವು. ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಿಗೂ ನರೆ ಬಂದಿರಲಿಲ್ಲ.

ಬೇಸಿನ್ನು ಕಟ್ಟಿಕೊಳ್ಳುವದಕ್ಕೆ ಕಾರಣವು ಗೂಢವಾದದ್ದೇನೂ ಅಲ್ಲ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ ಸುಮಾರು ೫೦ರಿಂದ ೧೦೦ ಕೂದಲುಗಳು ತಾವಾಗಿಯೇ ಉದುರುತ್ತವೆ. ನಲವತ್ತು ಮಂದಿ ಹುಡುಗಿಯರಿಗೆ ಲೆಕ್ಕ ಹಾಕಿದರೆ ದಿನವೊಂದಕ್ಕೆ ೨೦೦೦ದಿಂದ ೪೦೦೦ ಕೂದಲುಗಳಾದವು. ಅವುಗಳಲ್ಲಿ ಹತ್ತರಲ್ಲೊಂದು ಪಾಲು ಬೇಸಿನ್ನಿಗೆ ಬಿದ್ದರೂ ಸಾಕು. ಬರಿಯ ಕೂದಲಾದರೆ ನೀರು ಅದನ್ನು ಕೊಂಡೊಯ್ದೀತು; ಅದನ್ನು ಹಿಡಿದು ನಿಲ್ಲಿಸುವ ಅಂಟು ಬೇರೆಯಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಕೊಳವೆಬಾವಿಗಳ ನೀರು ಬಹಳ ಕಡೆ ಗಡುಸಾದದ್ದು. ನೀರು ಕಾಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕೂಡುವದನ್ನು ಇಲ್ಲಿಯ ಪ್ರತಿ ಗೃಹಿಣಿಯೂ ಬಲ್ಲಳು. ಆ ನೀರಿನಲ್ಲಿರುವ ಸುಣ್ಣದ ಹಾಗೂ ಮೆಗ್ನೀಶಿಯಂ ಲವಣಗಳು ಸಾಬೂನಿನ ಕೊಬ್ಬಿನಂಶದೊಡನೆ ಕೂಡಿ, ನೊರೆಯಾಗುವ ಬದಲು, ಒಡೆದ ಮೊಸರಿನಂಥ ಕರಗದ ಗಸಿಯಾಗುತ್ತವೆ. ಗಂಗಾವತಿಯ ಕಾಲುವೆಯ ಸೀಮೆಯಿಂದ ಬಂದ ಹುಡುಗಿಯರು ಇಲ್ಲಿ ನೊರೆ ಬಾರದೆಂದು ಇನ್ನಷ್ಟು ಸಾಬೂನು ತಿಕ್ಕುವರು, ಗಸಿಯು ಇನ್ನಷ್ಟಾಗುವದು. ಇದಕ್ಕೆ ತಲೆಯ ಕೊಬ್ಬರಿ ಎಣ್ಣೆ, ಸೀಗೆಯ ಪುಡಿ, ಕಡಲೆಹಿಟ್ಟು ಕೂಡಿದರೆ ಗೋಡೆ ಕಟ್ಟುವದಕ್ಕೆ ಗಾರೆ ಸಿದ್ಧವಾದಂತೆಯೇ ಸರಿ.

ಬೇಸಿನ್ನಿನ ಕೆಳಗೆ ಒಂದು ಬಾಗುಕೊಳವೆಯುಂಟು. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುವದು ದೋಷವಲ್ಲ. ಗಟಾರದ ದುರ್ವಾಯು ಮನೆಯೊಳಕ್ಕೆ ಬಾರದಂತೆ ತಡೆಯುವ ಬಾಗಿಲೇ ಆ ನೀರು. ೧೭೭೫ನೇ ಇಸವಿಯಲ್ಲಿ ಅಲೆಗ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವನು ಶೌಚಗೃಹಕ್ಕಾಗಿ ಇಂಥ ಬಾಗಿದ ಕೊಳವೆಯ ಹಕ್ಕುಪತ್ರವನ್ನು ಪಡೆದನು. ನಮ್ಮನ್ನು ಕಾಯುವ ಆ ಬಾಗಿನಲ್ಲಿಯೇ ಕೂದಲೂ ಗಸಿಯೂ ತಂಗುತ್ತವೆ.

ಉಪಾಯವೂ ಸುಲಭವಾದದ್ದೇ. ಬೇಸಿನ್ನಿನ ಮೇಲೆ ತಲೆ ಬಾಚಬಾರದು. ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಬುಟ್ಟಿಗೆ ಹಾಕತಕ್ಕದ್ದು. ರಂಧ್ರದ ಮೇಲೆ ಸಣ್ಣ ಕಣ್ಣಿನ ಜಾಳಿಗೆಯನ್ನಿಟ್ಟು ಪ್ರತಿದಿನ ಬಿಡಿಸತಕ್ಕದ್ದು. ವಾರಕ್ಕೊಮ್ಮೆ ಬೂಚನ್ನು ಎತ್ತಿ, ಅದಕ್ಕೆ ಸುತ್ತಿದ ಕೂದಲನ್ನು ತಂತಿಯ ಕೊಂಡಿಯಿಂದ ತೆಗೆದು, ಬಿಸಿನೀರು ಹೊಯ್ಯಬೇಕು. ಆದರೆ ಕುದಿಯುವ ನೀರು ಪ್ಲಾಸ್ಟಿಕ್ಕಿನ ಕೊಳವೆಗೆ ಹಾನಿಕರ. ಕಟ್ಟಿಕೊಂಡೇ ಬಿಟ್ಟರೆ ರಬ್ಬರಿನ ಬಟ್ಟಲುಳ್ಳ ಕೋಲಿನಿಂದ ಒತ್ತಬೇಕು. ಆಗ ಬೇಸಿನ್ನಿನ ಮೇಲಂಚಿನ ಸಣ್ಣ ತೂತನ್ನು ಒದ್ದೆಬಟ್ಟೆಯಿಂದ ಮುಚ್ಚದಿದ್ದರೆ ಒತ್ತಿದ ಬಲವೆಲ್ಲ ಅಲ್ಲಿಂದಲೇ ಹೊರಟುಹೋಗುವದು. ಅದೂ ಸಾಗದಿದ್ದರೆ ಕೆಳಗೆ ಬಕೀಟನ್ನಿಟ್ಟು ಬಾಗುಕೊಳವೆಯ ತಿರುಪನ್ನು ಬಿಚ್ಚಿ ತೊಳೆಯಬಹುದು. ಅಂಗಡಿಯ ಆಸಿಡ್ಡನ್ನು ಮಾತ್ರ ಹುಡುಗಿಯರ ಕೈಗೆ ಕೊಡಕೂಡದು. ಅದು ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಿನ್ ಎಂಬ ವಿಷವಾಯು ಹುಟ್ಟುವದು. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಹೀಗೆ ಉಪಾಯವು ಸುಲಭವಾಗಿರಲಾಗಿ ಬೇಸಿನ್ನು ಮತ್ತೆ ಮತ್ತೆ ಕಟ್ಟಿಕೊಳ್ಳುವದೇಕೆ? ಇದು ತನ್ನ ಕೆಲಸವೆಂದು ಯಾರೂ ಎಣಿಸದೆ ಇರುವದರಿಂದಲೇ. ಜಾಳಿಗೆಯನ್ನು ಬಿಡಿಸುವ ಸರದಿಯನ್ನು ನಾವು ಗೊತ್ತುಮಾಡಿದಾಗ ಪಾಲಕರೊಬ್ಬರು ಬಂದು, "ಓದಲು ಕಳಿಸಿದ ಮಗಳ ಕೈಯಲ್ಲಿ ಇಂಥ ಕೆಲಸವೇ?" ಎಂದು ಬೇಸರಪಟ್ಟರು. ಅವರ ಮಾತು ಈ ದೇಶದಲ್ಲಿ ಹೊಸದಲ್ಲ. ೧೯೦೧ನೇ ಇಸವಿಯ ಕಲಕತ್ತೆಯ ಕಾಂಗ್ರೆಸ್ಸಿನಲ್ಲಿ ಶೌಚಗೃಹಗಳ ಹೊಲಸನ್ನು ಗಾಂಧೀಜಿಯವರು ತೋರಿಸಿದಾಗ ಸ್ವಯಂಸೇವಕರು, ಅದು ತಮ್ಮ ಕೆಲಸವಲ್ಲವೆಂದರು. ಗಾಂಧೀಜಿಯವರು ಕಸಬರಿಗೆಯನ್ನು ಕೇಳಿ ಪಡೆದು ತಾವೇ ಶುಚಿಮಾಡಿದರು. ನಮ್ಮ ತಲೆಯಲ್ಲಿದ್ದಾಗ ಹೂ ಮುಡಿಸಿಕೊಳ್ಳುವ ಕೂದಲು, ನಮ್ಮಿಂದ ಕಳಚಿದ ಗಳಿಗೆಯಲ್ಲಿಯೇ ಇನ್ನೊಬ್ಬಳು ಮುಟ್ಟಬೇಕಾದ ಹೊಲಸಾಗುವದೆಂಬುದು ಯಾವ ನ್ಯಾಯ?

ಆದಾಗ್ಯೂ ಪಾಲಕರ ಭಯವು ನಿರಾಧಾರವೆಂದು ನಾನು ಹೇಳಲಾರೆನು. ೨೦೨೩ನೇ ಇಸವಿಯ ದಶಂಬರದಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸಂಗತಿಯು ಬೆಳಕಿಗೆ ಬಂದು ರಾಜ್ಯವೆಲ್ಲ ತಲೆತಗ್ಗಿಸಿತು. ಅಂಥದ್ದು ಶ್ರಮಶಿಕ್ಷಣವಲ್ಲ, ಅಪರಾಧ. ಮಲ ಹೊರುವ ಪದ್ಧತಿಯನ್ನು ೧೯೯೩ರ ಕಾಯಿದೆಯು ನಿಷೇಧಿಸಿತು. ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಮೋರಿಗೆ ಇಲ್ಲವೆ ಗುಂಡಿಗೆ ಇಳಿಸಕೂಡದೆಂದು ೨೦೧೩ರ ಕಾಯಿದೆಯು ವಿಧಿಸಿತು. ಮಕ್ಕಳಂತಿರಲಿ, ಪೌರಕಾರ್ಮಿಕರು ಸಹ ಅಲ್ಲಿ ಇಳಿಯಬಾರದು. ಅದು ಯಂತ್ರಗಳ ಕೆಲಸ. ಆದುದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಬೇಸಿನ್ನಿನ ಜಾಳಿಗೆ ನಮ್ಮ ಪಾಲು. ಶೌಚಗೃಹ ಮತ್ತು ಗುಂಡಿಗಳು ಎಂದಿಗೂ ವಿದ್ಯಾರ್ಥಿನಿಯರ ಪಾಲಲ್ಲ. ಈ ಕೆಲಸವನ್ನು ಶಿಕ್ಷೆಯಾಗಿ ಯಾರಿಗೂ ವಿಧಿಸಕೂಡದು. ಶಿಕ್ಷೆಯಾದ ಕೂಡಲೆ ಅದು ಮತ್ತೆ ಹೀನವಾದ ಕೆಲಸವಾಗುವದು. ಯಾವ ಹುಡುಗಿಯನ್ನೂ ಅವಳ ಕುಲ ನೋಡಿ ಕರೆಯಕೂಡದು, ಬಿಡಲೂಕೂಡದು. ಸರದಿಯ ಪಟ್ಟಿಯಲ್ಲಿ ಉಪಾಧ್ಯಾಯಿನಿಯರ ಹೆಸರುಗಳೂ ಇರತಕ್ಕದ್ದು.

೨೦೧೯ನೇ ಇಸವಿಯಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳವರು ಮುಂದಾಗಿ ನಿಂತು, ಹೂಳೂ ಕಸವೂ ತುಂಬಿ ಕಟ್ಟಿಹೋಗಿದ್ದ ಹಿರೇಹಳ್ಳವನ್ನು ಜನರೊಡಗೂಡಿ ಶುಚಿಗೊಳಿಸಿದ್ದನ್ನು ನಮ್ಮ ಜಿಲ್ಲೆಯವರೆಲ್ಲರೂ ಬಲ್ಲರು. ಹಳ್ಳವು ಒಂದೇ ದಿನದಲ್ಲಿ ಕಟ್ಟಿಹೋಗಲಿಲ್ಲ; ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಎಸೆದು, ತೆಗೆಯುವದು ತಮ್ಮ ಕೆಲಸವಲ್ಲವೆಂದದ್ದರಿಂದ ಕಟ್ಟಿತು. ಬೇಸಿನ್ನಿನ ಕಥೆಯೂ ಅದೇ, ಅಳತೆ ಮಾತ್ರ ಚಿಕ್ಕದು.

ನಮ್ಮ ಬಚ್ಚಲ ಗೋಡೆಯ ಮೇಲೆ ಈಗ ಸರದಿಯ ಪಟ್ಟಿಯೊಂದು ತೂಗಿದೆ. ಸೋಮವಾರದ ಎದುರಿಗೆ ನನ್ನ ಹೆಸರಿದೆ. ಮೊದಲನೆಯ ಸೋಮವಾರ ನಾನು ಜಾಳಿಗೆ ಬಿಡಿಸುತ್ತಿರಲಾಗಿ ಆ ವೃದ್ಧೆಯು ಬಾಗಿಲಲ್ಲಿ ನಿಂತು ನೋಡಿ, "ಬಿಡ್ರಿ ಅಕ್ಕೋರೆ, ನಾ ಮಾಡ್ತೀನಿ," ಎಂದು ಕೈ ಚಾಚಿದಳು. "ನನ್ನ ಕೂದಲವ್ವಾ," ಎಂದೆನು. ಆಕೆಯು ಮತ್ತೊಂದು ಮಾತಾಡದೆ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು.