ಕಿಡ್ನಿ ಕಸಿ ಆದವರ ಮನೆಗೆ ಮಳೆಗಾಲ: ಬೂಷ್ಟು ಸಣ್ಣ ವಿಷಯ ಅಲ್ಲ

ಉಡುಪಿ: ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ? ಚಪ್ಪಲಿ, ಬೆಲ್ಟು, ಗೋಡೆ, ಅಂಗಡಿಯ ಗೋಣಿ ಯಾವುದನ್ನೂ ಬಿಡುವುದಿಲ್ಲ. ನಾವು ಒರೆಸಿ ಸುಮ್ಮನಾಗ್ತೇವೆ. ಆದ್ರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ಕಿಡ್ನಿ ಕಸಿ ಮಾಡಿಸಿಕೊಂಡು ಕಾಪು, ಕಾರ್ಕಳದ ಮನೆಗೆ ಮರಳಿದವರ ಲೆಕ್ಕವೇ ಬೇರೆ.

ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣ 2-3 ಮೈಕ್ರಾನ್ ಮಾತ್ರ. ದಿನಕ್ಕೆ ನೂರಾರು ಕಣಗಳು ಎಲ್ಲರ ಉಸಿರಿನ ಜೊತೆ ಒಳಗೆ ಹೋಗ್ತವೆ. ನಮಗೆ ಏನೂ ಆಗದಿರಲು ಕಾರಣ ಒಳಗಿನ ಕಾವಲು. ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಕಣವನ್ನು ನುಂಗಿ ಹಾಕ್ತವೆ. ತಪ್ಪಿಸಿಕೊಂಡ ಕಣ ಮೊಳೆತು ನೂಲಿನ ಹಾಗೆ ಬೆಳೆದ್ರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಓಡಿ ಬರುತ್ತೆ. ನೂಲು ನುಂಗಲಾಗದಷ್ಟು ಉದ್ದ ಇದ್ರೆ ತನ್ನದೇ ಡಿಎನ್‌ಎಯನ್ನು ಹೊರಗೆ ಎಸೆದು, ಮಲ್ಪೆಯವರು ಬಲೆ ಬೀಸಿದ ಹಾಗೆ ಹಿಡಿಯುತ್ತೆ. ಇವಕ್ಕೆ ಬಲ ತುಂಬುವುದು ಟಿ ಕಣಗಳು.

ಕಸಿ ಆದವರಲ್ಲಿ ಈ ಕಾವಲನ್ನು ಬೇಕೆಂದೇ ತಗ್ಗಿಸಿರ್ತಾರೆ. ಇಲ್ಲದಿದ್ರೆ ದೇಹ ಹೊಸ ಕಿಡ್ನಿಯನ್ನೇ ಶತ್ರು ಅಂತ ತಿಳಿದು ಹಾಳು ಮಾಡುತ್ತೆ. ಟ್ಯಾಕ್ರೋಲಿಮಸ್ ಮಾತ್ರೆ ಟಿ ಕಣಗಳನ್ನು ತಡೆಯುತ್ತೆ, ಸ್ಟಿರಾಯ್ಡ್ ಉಳಿದ ಎರಡರ ಕೈ ಕಟ್ಟುತ್ತೆ. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ರಕ್ತದ ರಿಪೋರ್ಟ್‌ನಲ್ಲಿ ಕೌಂಟ್ ಸರಿ ಇದೆ ಅಂತ ಧೈರ್ಯ ಮಾಡ್ತಾರೆ. ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಕೌಂಟ್ ಹೆಚ್ಚೂ ಇರಬಹುದು, ಕೆಲಸ ಮಾತ್ರ ನಡೆಯುವುದಿಲ್ಲ. ಜ್ವರವೂ ಜೋರಾಗಿ ಕಾಣದೆ ಇರಬಹುದು.

2021ರ ಕೊರೊನಾ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂದದ್ದು ನೆನಪಿದೆಯಲ್ಲ? ಆಗಲೂ ಹೆಚ್ಚು ಪೆಟ್ಟು ತಿಂದವರು ಶುಗರ್ ಏರಿದವರು, ಸ್ಟಿರಾಯ್ಡ್ ತಗೊಂಡವರು. ಕಸಿ ಆದವರಿಗೆ ಮೊದಲ ಆರು ತಿಂಗಳು ಅಪಾಯ ಜಾಸ್ತಿ, ಆಮೇಲೂ ಮಾತ್ರೆ ಬಿಡುವ ಹಾಗಿಲ್ಲ. ಹೆದರಿ ಬಿಟ್ರೆ ಕಿಡ್ನಿಯೇ ಹೋಗುತ್ತೆ.

ಹಾಗಾಗಿ ಹಟ್ಟಿ ಗೊಬ್ಬರ ತೆಗೆಯುವುದು, ಹಳೆ ಬೈಹುಲ್ಲು ಕೊಡವುವುದು, ಗೋಡೆ ಒಡೆಯುವ ಜಾಗದಲ್ಲಿ ನಿಲ್ಲುವುದು ಮನೆಯ ಬೇರೆಯವರ ಪಾಲಿಗಿರಲಿ. ಇದನ್ನೆಲ್ಲ ಇಂಗ್ಲಿಷ್ ಚೀಟಿಯಲ್ಲಿ ಬರೆದು ಕೊಟ್ರೆ ಹಟ್ಟಿ ಗುಡಿಸುವ ಅಮ್ಮನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು ಮೆಡಿಕಲ್ ಶಾಪಿನವರಿಗೆ. ಮಳೆಗಾಲದಲ್ಲಿ ಹುಳಕಡ್ಡಿಗೆ ಅಂತ ಫ್ಲೂಕೊನಜೋಲ್ ಮಾತ್ರೆ ಕೇಳಿ ಬರುವವರು ಬಹಳ. ಟ್ಯಾಕ್ರೋಲಿಮಸ್ ತಗೊಳ್ಳುವವರು ಅದನ್ನು ನುಂಗಿದ್ರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ ಏರಿ ಕಿಡ್ನಿಗೇ ಏಟು ಬೀಳಬಹುದು. ಕೊಡುವ ಮೊದಲು "ಬೇರೆ ಯಾವ ಮಾತ್ರೆ ತಗೊಳ್ತೀರಿ?" ಅಂತ ಕೇಳಿ. ಕಸಿ ಆದವರಾದ್ರೆ ಚೀಟಿ ಇಲ್ಲದೆ ಕೊಡಬೇಡಿ, ಅವರ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿಸಿ.