ಬೆವರಿಗೆ ಎರಡನೆಯ ಸುಂಕ

2025ರ ಮೇ ತಿಂಗಳಲ್ಲಿ ಕುಂದಲಹಳ್ಳಿಯ ನಮ್ಮ ಪರಿಸರವನ್ನು ಒಂದು ಕಳವಳ ಆವರಿಸಿತ್ತು. ಜುಮಾ ನಮಾಝ್ ಮುಗಿಸಿ ಹೊರಬಂದವರು ಚಪ್ಪಲಿ ಹುಡುಕುತ್ತಲೇ ಅಮೆರಿಕದ ಮಸೂದೆಯೊಂದರ ಬಗ್ಗೆ ಚರ್ಚಿಸುತ್ತಿದ್ದರು. ಐಟಿ ಉದ್ಯೋಗವನ್ನು ನಂಬಿ ಇಲ್ಲಿ ನೆಲೆಸಿದ ಕುಟುಂಬಗಳಲ್ಲಿ ಅಣ್ಣನೋ ಅಳಿಯನೋ ಕಡಲಾಚೆ ಇಲ್ಲದ ಮನೆ ಅಪರೂಪ. ಅಮೆರಿಕದ ಪೌರರಲ್ಲದವರು ಸ್ವದೇಶಕ್ಕೆ ಕಳುಹಿಸುವ ಹಣದ ಮೇಲೆ ಮೊದಲು ಶೇ. 5, ಅನಂತರ ಶೇ. 3.5 ತೆರಿಗೆ ವಿಧಿಸುವ ಪ್ರಸ್ತಾಪ ಅದರಲ್ಲಿತ್ತು. ಮೇ 22ರಂದು ಅಲ್ಲಿನ ಕೆಳಮನೆ ಅದನ್ನು ಅಂಗೀಕರಿಸಿತು. ಬಳಿಕ ಸೆನೆಟ್ ದರವನ್ನು ಶೇ. 1ಕ್ಕೆ ಇಳಿಸಿತು. ಬ್ಯಾಂಕ್ ಖಾತೆಯಿಂದ ಅಥವಾ ಅಮೆರಿಕದಲ್ಲಿ ಪಡೆದ ಕಾರ್ಡಿನಿಂದ ಹೋಗುವ ಹಣಕ್ಕೆ ವಿನಾಯಿತಿಯೂ ದೊರೆಯಿತು. ಜುಲೈ 4ರಂದು ಮಸೂದೆ ಕಾನೂನಾಯಿತು. 2026ರ ಆರಂಭದಿಂದ ನಗದು, ಮನಿ ಆರ್ಡರ್, ಕ್ಯಾಶಿಯರ್ ಚೆಕ್‌ಗಳ ಮೂಲಕ ಹಣ ಕಳುಹಿಸುವವರು ಮಾತ್ರ ಈ ತೆರಿಗೆ ತೆರಬೇಕು.

ಅಂದಿನಿಂದ ನಮ್ಮಲ್ಲಿ ಮಾತು ನಿಂತುಹೋಯಿತು. "ಅಲ್‌ಹಮ್ದುಲಿಲ್ಲಾಹ್, ನಮ್ಮ ಹುಡುಗ ಬ್ಯಾಂಕಿನಿಂದಲೇ ಕಳುಹಿಸುವುದು" ಎಂದು ಹಿರಿಯರೊಬ್ಬರು ಸಮಾಧಾನದಿಂದ ಹೇಳಿದರು. ಸುತ್ತಲಿದ್ದವರೂ ತಲೆದೂಗಿದರು. ನಮ್ಮ ತಕರಾರು ಇರುವುದು ಈ ಸಮಾಧಾನದ ಬಗ್ಗೆ.

ತೆರಿಗೆ ರದ್ದಾಗಿಲ್ಲ, ಬಲವುಳ್ಳವನ ಹೆಗಲಿನಿಂದ ಜಾರಿ ಬಲವಿಲ್ಲದವನ ಹೆಗಲೇರಿದೆ, ಅಷ್ಟೆ. ಕಂಪೆನಿಯ ಸಂಬಳ ನೇರವಾಗಿ ಖಾತೆಗೆ ಬೀಳುವ ಇಂಜಿನಿಯರ್ ಪಾರಾದ. ಹೋಟೆಲಿನಲ್ಲಿ ಪಾತ್ರೆ ತೊಳೆದು, ಹೊಲದಲ್ಲಿ ಹಣ್ಣು ಕೊಯ್ದು, ವಾರದ ಕೂಲಿಯನ್ನು ನೋಟುಗಳಲ್ಲಿ ಎಣಿಸಿಕೊಂಡು ಹಣ ರವಾನೆಯ ಅಂಗಡಿಯ ಮುಂದೆ ನಿಲ್ಲುವವನು ಸಿಕ್ಕಿಬಿದ್ದ. ಅವನು ಮೆಕ್ಸಿಕೋದವನಾಗಿರಬಹುದು, ಗ್ವಾಟೆಮಾಲಾದವನಾಗಿರಬಹುದು, ಗುಜರಾತಿನವನೂ ಆಗಿರಬಹುದು. ಅವನ ಹೆಸರು ನಮಗೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಮೇಲಿನ ಅನ್ಯಾಯ ನ್ಯಾಯವಾಗಿಬಿಡುವುದೇ?

ಈ ತೆರಿಗೆಯ ಸಮರ್ಥಕರ ಮುಖ್ಯ ವಾದವೆಂದರೆ, ನಮ್ಮ ದೇಶದಲ್ಲಿ ದುಡಿದ ಹಣ ಹೊರಗೆ ಹರಿದುಹೋಗುತ್ತಿದೆ ಎಂಬುದು. ಮೇಲ್ನೋಟಕ್ಕೆ ಸಮಂಜಸವೆನಿಸುವ ಮಾತಿದು. ಆದರೆ ಹೊರಹೋಗುವುದು ಕೂಲಿ ಮಾತ್ರ, ದುಡಿಮೆ ಅಲ್ಲಿಯೇ ಉಳಿಯುತ್ತದೆ. ಅವನು ಕಟ್ಟಿದ ಗೋಡೆ, ಬೆಳೆದ ಬೆಳೆ, ಬರೆದ ಸಾಫ್ಟ್‌ವೇರ್ ಯಾವುದೂ ಅವನೊಂದಿಗೆ ವಿಮಾನ ಹತ್ತುವುದಿಲ್ಲ. ಸಂಬಳದ ಚೀಟಿ ಪಡೆದು ದುಡಿಯುವವನು ಆದಾಯ ತೆರಿಗೆಯನ್ನು ಮೊದಲೇ ಕಟ್ಟಿರುತ್ತಾನೆ. ಅಂಗಡಿಯಲ್ಲಿ ಕೊಂಡ ರೊಟ್ಟಿಯ ಮೇಲೂ ಹಲವೆಡೆ ತೆರಿಗೆ ಕೊಟ್ಟಿರುತ್ತಾನೆ. ಇವೆಲ್ಲವನ್ನೂ ಕಳೆದು ಉಳಿದದ್ದನ್ನು ತಾಯಿಯ ಔಷಧಿಗೆಂದು ಕಳುಹಿಸುವಾಗ ಪುನಃ ಕೈಚಾಚುವುದನ್ನು ಏನೆಂದು ಕರೆಯೋಣ?

ದ್ವಿತೀಯ ಖಲೀಫಾ ಉಮರ್(ರ)ರ ಕಾಲದ ಒಂದು ಪ್ರಕರಣವನ್ನು ಇಮಾಮ್ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ತಗ್ಲಿಬ್ ಗೋತ್ರದ ಓರ್ವ ಕ್ರೈಸ್ತ ವರ್ತಕ ತನ್ನ ಕುದುರೆಯೊಂದಿಗೆ ಸುಂಕದ ಅಧಿಕಾರಿ ಝಿಯಾದ್ ಬಿನ್ ಹುದೈರ್‌ರ ಮುಂದೆ ಹಾದುಹೋಗುತ್ತಾನೆ. ಕುದುರೆಯ ಬೆಲೆ 20,000 ದಿರ್ಹಮ್ ಎಂದು ನಿಗದಿಯಾಗಿ ಅವನಿಂದ 1,000 ದಿರ್ಹಮ್ ಪಡೆಯಲಾಗುತ್ತದೆ. ಅದೇ ವರ್ಷ ಆತ ಮರಳಿ ಬರುವಾಗ ಅದೇ ಕುದುರೆಗೆ ಅಧಿಕಾರಿ ಮತ್ತೆ 1,000 ಕೇಳುತ್ತಾರೆ. ವರ್ತಕ ಮಕ್ಕಾದವರೆಗೂ ಪ್ರಯಾಣಿಸಿ ಖಲೀಫಾರಿಗೆ ದೂರು ಸಲ್ಲಿಸುತ್ತಾನೆ. ಉಮರ್(ರ) ಹೆಚ್ಚು ಮಾತನಾಡುವುದಿಲ್ಲ. ನಿನ್ನ ಕೆಲಸ ಆಯಿತು ಎಂಬರ್ಥದ ಒಂದು ಮಾತು ಹೇಳುತ್ತಾರೆ. ತನ್ನ ಅಹವಾಲು ವ್ಯರ್ಥವಾಯಿತೆಂದು ಭಾವಿಸಿದ ಆತ ಇನ್ನೊಂದು ಸಾವಿರ ತೆರಲು ಸಿದ್ಧನಾಗಿಯೇ ಹಿಂದಿರುಗಿದರೆ, ಅವನಿಗಿಂತ ಮೊದಲೇ ಖಲೀಫಾರ ಪತ್ರ ಅಲ್ಲಿಗೆ ತಲುಪಿರುತ್ತದೆ. ಒಮ್ಮೆ ಸುಂಕ ಪಡೆದವನಿಂದ ಮುಂದಿನ ವರ್ಷದ ಅದೇ ದಿನದವರೆಗೆ ಏನನ್ನೂ ಪಡೆಯಬಾರದೆಂಬುದು ಅದರ ಆದೇಶ. ದೂರುದಾರ ಪರಧರ್ಮೀಯ, ಕಳೆದುಕೊಳ್ಳುತ್ತಿದ್ದವರು ರಾಜ್ಯದ ಖಜಾನೆಯವರು. ಆದರೂ ಒಂದೇ ಸೊತ್ತಿಗೆ ಎರಡು ಸಲ ಸುಂಕ ಸಲ್ಲದೆಂಬುದರಲ್ಲಿ ಉಮರ್(ರ)ರಿಗೆ ಅನುಮಾನವಿರಲಿಲ್ಲ.

ಝಕಾತ್‌ನ ಲೆಕ್ಕವನ್ನೂ ನೋಡಿ. ಅದು ಶೇ. 2.5, ಅಮೆರಿಕದ ಶೇ. 1ಕ್ಕಿಂತ ಹೆಚ್ಚೇ. ಆದರೆ ನಿಸಾಬ್ ಎಂಬ ಕನಿಷ್ಠ ಮಿತಿಗಿಂತ ಕೆಳಗಿನವನನ್ನು ಅದು ಮುಟ್ಟುವುದಿಲ್ಲ, ಕೂಡಿಟ್ಟ ಹಣಕ್ಕೆ ಒಂದು ವರ್ಷ ತುಂಬುವವರೆಗೆ ಕಾಯುತ್ತದೆ. ಇಲ್ಲಿಯಾದರೋ ಹಣ ಕೂಡಿಡುವ ಪ್ರಶ್ನೆಯೇ ಇಲ್ಲ. ಶನಿವಾರ ಬಂದ ಕೂಲಿ ಭಾನುವಾರ ಊರಿಗೆ ಹೊರಟಿರುತ್ತದೆ. ನಮ್ಮದೇ ದೇಶದಲ್ಲಿ ಹೊರದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕುಗಳು ಟಿಸಿಎಸ್ ಹಿಡಿದುಕೊಳ್ಳುತ್ತವೆ. ಆದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಮಾತ್ರ. ಅದನ್ನೂ ಆದಾಯ ತೆರಿಗೆಯಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು. ಟಿಸಿಎಸ್ ಕುರಿತು ನಮಗೆ ಬೇರೆ ಆಕ್ಷೇಪಗಳಿವೆ. ಆದರೂ ಅದಕ್ಕೊಂದು ಮಿತಿಯಿದೆ ಎಂಬುದನ್ನು ಒಪ್ಪಲೇಬೇಕು.

ಅಮೆರಿಕವನ್ನು ಟೀಕಿಸುವುದು ನಮ್ಮಲ್ಲಿ ಸುಲಭ, ಅದಕ್ಕೆ ಚಪ್ಪಾಳೆಯೂ ಸಿಗುತ್ತದೆ. ಒಮಾನ್, ಕುವೈತ್, ಬಹರೈನ್‌ಗಳ ಸಭೆಗಳಲ್ಲಿಯೂ ಇದೇ ಪ್ರಸ್ತಾಪ ಮತ್ತೆ ಮತ್ತೆ ತಲೆಯೆತ್ತಿರುವುದನ್ನು ಹೇಳುವಾಗ ಮಾತ್ರ ನಮ್ಮ ದನಿ ತಗ್ಗುತ್ತದೆ. 2024ರ ಜನವರಿಯಲ್ಲಿ ಬಹರೈನ್‌ನ ಕೆಳಮನೆ ಶೇ. 2ರ ಪ್ರಸ್ತಾಪಕ್ಕೆ ಒಪ್ಪಿಗೆಯನ್ನೂ ನೀಡಿತ್ತು. ಸೌದಿ ಅರೇಬಿಯಾ 2017ರ ಜುಲೈಯಿಂದ ಅನಿವಾಸಿಯ ಪತ್ನಿ, ಮಕ್ಕಳು ಸೇರಿದಂತೆ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿ, ವರ್ಷದಿಂದ ವರ್ಷಕ್ಕೆ ಅದನ್ನು 400ಕ್ಕೆ ಏರಿಸಿತು. ಸಂಸಾರವನ್ನು ಊರಿಗೆ ಕಳುಹಿಸಿ ಪುನಃ ಕೋಣೆವಾಸಕ್ಕೆ ಮರಳಿದವರು ನಮ್ಮ ಕರಾವಳಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡಿರೆಂದು ಬೋಧಿಸಿದ ಪ್ರವಾದಿ(ಸ)ಯವರ ನಾಡಿನಿಂದಲೇ ಈ ಶುಲ್ಕ ಬಂತೆಂದು ಹೇಳಲು ನಾವೇಕೆ ಹಿಂಜರಿಯಬೇಕು?

ತೆರಿಗೆ ಬಿದ್ದಲ್ಲೆಲ್ಲ ಹವಾಲಾದವನ ಫೋನು ರಿಂಗಣಿಸುತ್ತದೆ ಎಂಬುದೂ ನಿಜ. ಆ ದಾರಿ ಬೇಡ. ಅದು ಕಾನೂನುಬಾಹಿರ, ಹಣ ಮುಳುಗಿದರೆ ದೂರು ಕೊಡಲು ಠಾಣೆಯೂ ಇರುವುದಿಲ್ಲ.

ಇನ್ನು ಕುಂದಲಹಳ್ಳಿಯ ಮಾತು. ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿಯವರೂ ಬಿಹಾರ, ಬಂಗಾಳದವರೂ ದುಡಿಯುತ್ತಾರೆ. ಇವರೂ ಪ್ರವಾಸಿ ಕಾರ್ಮಿಕರೇ, ಇವರ ಹಣವೂ ಊರಿಗೇ ಹೋಗುತ್ತದೆ. ನಾಳೆ ಯಾರಾದರೂ ಎದ್ದುನಿಂತು, ಬೆಂಗಳೂರಿನ ಹಣ ಹೊರಹೋಗುತ್ತಿದೆ, ಇವರ ರವಾನೆಗೆ ತೆರಿಗೆ ಹಾಕಿ ಎಂದರೆ ನಮ್ಮಲ್ಲಿ ಎಷ್ಟು ಜನ ವಿರೋಧಿಸುವೆವು? ತಲೆದೂಗುವವರೂ ಇದ್ದಾರೆಂದು ನಮಗೆ ಗೊತ್ತು. "ಹೊರಗಿನವರಿಂದ ಊರು ಕೆಟ್ಟಿತು" ಎಂಬ ಮಾತನ್ನು ಮಸೀದಿಯ ಮೆಟ್ಟಿಲ ಮೇಲೆಯೇ ಕೇಳಿದ್ದೇವೆ. ಹಾಗೆ ಹೇಳಿದವರ ಮಗ ನ್ಯೂಜೆರ್ಸಿಯಲ್ಲಿದ್ದಾನೆ.

ಮೊಬೈಲಿನಲ್ಲಿ ಹಣ ಕಳುಹಿಸಲು ಬಾರದ ಕೂಲಿಕಾರ್ಮಿಕ ಇಲ್ಲಿಯೂ ನಗದು ಹಿಡಿದು ಅಂಗಡಿಗೆ ಹೋಗುತ್ತಾನೆ. ಅಂಗಡಿಯವ ಸಾವಿರಕ್ಕೆ ಹತ್ತು ರೂಪಾಯಿ ಹಿಡಿದುಕೊಳ್ಳುತ್ತಾನೆ, ಅದೂ ಶೇ. 1. ವ್ಯತ್ಯಾಸವೆಂದರೆ ಆತ ಆ ಹತ್ತು ರೂಪಾಯಿಗೆ ಹಣವನ್ನು ಊರು ಮುಟ್ಟಿಸುತ್ತಾನೆ. ಜುಲೈಯಲ್ಲಿ ನಿಟ್ಟುಸಿರು ಬಿಟ್ಟ ನಮ್ಮ ಇಂಜಿನಿಯರ್ ಯುವಕರಿಗೆ ನಾವು ಒಂದು ಕೆಲಸ ಹೇಳಿದ್ದೇವೆ: ಭಾನುವಾರ ಅಸರ್ ನಮಾಝ್‌ನ ಬಳಿಕ ಎರಡು ಗಂಟೆ ಕಾರ್ಮಿಕರ ಶೆಡ್‌ಗಳಿಗೆ ಹೋಗಿ, ಖಾತೆ ಇಲ್ಲದವರಿಗೆ ಖಾತೆ ತೆರೆಯಲು ನೆರವಾಗಿ, ಇರುವವರಿಗೆ ತಾವೇ ಹಣ ಕಳುಹಿಸುವುದನ್ನು ಕಲಿಸಬೇಕು. ಇದುವರೆಗೆ ಇಬ್ಬರು ಒಪ್ಪಿದ್ದಾರೆ.