ಜಾತಕದ ಜೊತೆ ರಕ್ತ ಪರೀಕ್ಷೆಯೂ ಆಗಲಿ

ಮಾಜಿವಾಡಾ: ಥಾಣೆ ಪರಿಸರದ ಕನ್ನಡಿಗರು ಮಕ್ಕಳ ಸಂಬಂಧ ಕುದುರಿಸುವಾಗ ಗೋತ್ರ, ನಕ್ಷತ್ರ, ಸಂಬಳ ಎಲ್ಲವನ್ನೂ ವಿಚಾರಿಸುತ್ತಾರೆ. ಥಲಸ್ಸೇಮಿಯಾದ ಮಾತು ಬರುವುದು ಅಪರೂಪ. ಈ ರಕ್ತದೋಷದ ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಆದರೆ ಹುಡುಗ, ಹುಡುಗಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25. ತೀವ್ರವಾದರೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

ಇಂಥ ದೋಷ ವಂಶಗಳಲ್ಲಿ ಉಳಿದದ್ದಾದರೂ ಏಕೆ? ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆಂದು 1949ರಲ್ಲೇ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಊಹಿಸಿದ್ದರು, ನಂತರದ ಸಂಶೋಧನೆಗಳು ಅದನ್ನು ಪುಷ್ಟೀಕರಿಸಿವೆ. ಜ್ವರದ ಸೀಮೆಗಳಲ್ಲಿ ಹಿರಿಯರನ್ನು ಉಳಿಸಿದ ಗುಣವಿದು, ಯಾವ ಮನೆತನದ ಕಳಂಕವೂ ಅಲ್ಲ. ಮುಚ್ಚಿಡುವುದೇಕೆ? ಸೋದರಿಕೆಯಲ್ಲೇ ಹೆಣ್ಣು ತರುವ ಮನೆಗಳಂತೂ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಲೇಬೇಕು. ರಕ್ತದಾನ ಶಿಬಿರ ನಡೆಸುವ ಸಂಘಗಳು ಮುಂದಿನ ಶಿಬಿರದಲ್ಲಿ ಯುವಕ-ಯುವತಿಯರಿಗಾಗಿ ಇದನ್ನೂ ಸೇರಿಸಲಿ.